ನಿಂತ ಪ್ಯಾಸೆಂಜರ್ ಬೀಳಬಾರದು

“ಹೋಲ್ಡಾನ್! ಹೋಲ್ಡಾನ್!” ಎಂದು ಅಜ್ಜಿ ಕೂಗಿದಳು. “ಪ್ಯಾಸೆಂಜರ್ ಬಿದ್ದ!”

ಚೂಟಿ ರಿಮೋಟಿನ ಟ್ರಿಗರ್‌ನಿಂದ ಬೆರಳು ತೆಗೆದಳು. ಚಪ್ಪಲಿಯಷ್ಟು ಉದ್ದದ ರೇಸ್ ಕಾರು ಊಟದ ಮೇಜಿನ ಕಾಲ ಬಳಿ ಗಕ್ಕನೆ ನಿಂತಿತು. ಅದರ ಬೆನ್ನ ಮೇಲೆ ನಿಲ್ಲಿಸಿದ್ದ ಚೆಸ್ಸಿನ ಕಾಲಾಳು ಉರುಳಿಕೊಂಡು ಸೋಫಾದ ಕೆಳಗೆ ಹೋದ.

“ಯಾರು ಬಿದ್ದಿದ್ದು?” ಎಂದು ಅಜ್ಜ ಕೇಳಿದ. ಅವನು ಚಕ್ರ ಹೇಗೆ ತಿರುಗುತ್ತದೆ ಎಂದು ನೋಡಲು ನೆಲದ ಮೇಲೆ ಬೋರಲು ಮಲಗಿದ್ದ.

“ಬಿಳಿಯವನು. ಬಾಗಿಲ ಹತ್ರಾನೇ ನಿಂತಿದ್ದ. ಒಳಗೆ ಹೋಗಪ್ಪ, ಒಳಗೆ ಜಾಗ ಇದೆ ಅಂತ ಎಷ್ಟು ಸಲ ಹೇಳೋದು?”

“ಅವನ ತಪ್ಪಲ್ಲ ಬಿಡು. ಗಾಡಿ ಕುಲುಕ್ತಾ ಇದೆ. ಚೂಟಿ, ಗಾಡಿ ತಗೊಂಡು ಬಾ. ಶಾಕ್ ಅಬ್ಸಾರ್ಬರ್ ಬಿಚ್ಚಬೇಕು.”

“ಮತ್ತೇನಾ?” ಚೂಟಿ ಹಣೆ ಚಚ್ಚಿಕೊಂಡಳು. “ಅಜ್ಜ, ಇದು ರೇಸ್ ಕಾರು! ಇದರಲ್ಲಿ ಪ್ಯಾಸೆಂಜರ್ ಇರಲ್ಲ!”

ಅಜ್ಜ ಮೊಣಕೈ ಊರಿ ಅವಳನ್ನೇ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಪ್ಯಾಸೆಂಜರ್ ಇಲ್ಲ ಅಂದ್ಮೇಲೆ ಗಾಡಿ ಯಾಕಮ್ಮ ಓಡಬೇಕು?”

ಚೂಟಿಯ ಅಜ್ಜ ಬಸ್ ಡ್ರೈವರ್ ಆಗಿದ್ದವನು. ಅಜ್ಜಿ ಅದೇ ಬಸ್ಸಿನ ಕಂಡಕ್ಟರ್. ಅವನು ಮುಂದೆ, ಅವಳು ಹಿಂದೆ. ಕೆಲಸದ ದಿನಗಳಲ್ಲಿ ಇಬ್ಬರ ಮಾತುಕತೆಯೆಲ್ಲ ಸೀಟಿಯಲ್ಲೇ ಮುಗಿಯುತ್ತಿತ್ತು. ಇಬ್ಬರೂ ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಬಸ್ಸು ಮಾತ್ರ ಅವರಿಂದ ನಿವೃತ್ತವಾಗಿರಲಿಲ್ಲ. ಮನೆಗೆ ನೆಂಟರು ಬಂದರೆ ಅಜ್ಜಿ ಮೊದಲು ಹೇಳುವುದೇ “ಬಾಗಿಲಲ್ಲಿ ನಿಲ್ಬೇಡಿ” ಎಂದು. ಅಜ್ಜ ತರಕಾರಿ ತರಲು ಹೊರಟರೂ ಸರಿ, ಟೈರಿನ ಗಾಳಿ ನೋಡುವಂತೆ ತನ್ನ ಶೂಗಳನ್ನು ಒಮ್ಮೆ ಒದ್ದು ನೋಡಿಯೇ ಹಾಕಿಕೊಳ್ಳುತ್ತಿದ್ದ.

ಕಾರು ಮಾತ್ರ ಶಾಲೆಯದು. ಅದೇ ಚೂಟಿಯ ತಲೆಬಿಸಿ.

ಶಾಲೆಗೆ ಯಾರೋ ಐದು ಕಿಟ್ ಕೊಟ್ಟಿದ್ದರು. ಬಿಡಿ ಭಾಗಗಳನ್ನು ಜೋಡಿಸಿ ತಾವೇ ಕಾರು ಮಾಡಿಕೊಳ್ಳಬೇಕು. ಕ್ರಾಫ್ಟ್ ಮಿಸ್ ಚೀಟಿ ಎತ್ತಿದಾಗ ಐವರಲ್ಲಿ ಚೂಟಿಯ ಹೆಸರೂ ಬಂತು. ಆದರೆ ಮಿಸ್ ಒಂದು ಷರತ್ತು ಹಾಕಿದ್ದರು. ಭಾನುವಾರ ಶಾಲೆಯ ದೊಡ್ಡ ಹಾಲಿನಲ್ಲಿ ಓಟ. ಐದು ಸುತ್ತು ಮುಗಿಸಿದವರ ಕಾರು ಅವರಿಗೇ. ಮೂರು ಸಲ ಗೋಡೆಗೆ ಗುದ್ದಿದರೆ ಔಟ್. ಕಾರು ಮುಂದಿನ ಹೆಸರಿನವರಿಗೆ.

ಮುಂದಿನ ಹೆಸರು ಬುಲೆಟ್‌ನದು. ಇಡೀ ಶಾಲೆಯಲ್ಲಿ ಅವನಷ್ಟು ನಿಧಾನದವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ಆ ಹೆಸರು. ಐದು ಜನರಲ್ಲಿ ಮೊದಲು ಔಟಾಗುವವರು ಯಾರು ಎಂದು ಬುಲೆಟ್ ಎಲ್ಲರ ಮನೆಗೂ ಹೋಗಿ ವಿಚಾರಿಸಿ, ಚೂಟಿಯೇ ಎಂದು ತೀರ್ಮಾನಿಸಿದ್ದ. ಆಮೇಲೆ ದಿನಾ ಸಂಜೆ ಜಿಪ್ ಇರುವ ಒಂದು ಚೀಲ ಹಿಡಿದು ಬರತೊಡಗಿದ. ಚೀಲದೊಳಗೆ ಒಂದು ಹಳೇ ಟವೆಲ್ ಬೇರೆ, ಕಾರಿಗೆ ಪೆಟ್ಟಾಗಬಾರದೆಂದು.

“ಅಜ್ಜಿ, ನನ್ನ ಕಾರು ಹೇಗಿದೆ?”

“ಇನ್ನೂ ಅವಳದೇ ಕಣೋ. ಬಾಗಿಲಲ್ಲಿ ನಿಲ್ಬೇಡ, ಒಳಗೆ ಬಾ.”

ಅವನು ಬಂದು ಕೂತು, ಒಂದು ಬಿಸ್ಕತ್ತನ್ನು ಅರ್ಧ ಗಂಟೆ ತಿಂದು, “ಚೂಟಿ, ಆ ಚಕ್ರ ಸ್ವಲ್ಪ ಹುಷಾರು. ಆಮೇಲೆ ನನಗೇ ಕಷ್ಟ,” ಎಂದು ಹೇಳಿ ಹೋಗುತ್ತಿದ್ದ. ಚೂಟಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕಾರಿನ ಒಂದೊಂದು ತಿರುಪನ್ನೂ ಹಾಕಿದ್ದು ಅವಳು. ಅದನ್ನು ಆ ಟವೆಲಿನಲ್ಲಿ ಸುತ್ತಿ ಕೊಡುವುದನ್ನು ನೆನೆದರೇ ಅಳು ಬರುತ್ತಿತ್ತು.

ಕಾರು ಕಟ್ಟುವಾಗ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. ತಿರುಪುಗಳು ಅಷ್ಟು ಸಣ್ಣವು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಂದ ಕಡ್ಡಿಯಂಥ ಸ್ಕ್ರೂಡ್ರೈವರ್ ತಂದುಕೊಟ್ಟಳು. ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಡಬ್ಬಿ ಸಿದ್ಧವಾದಾಗ ಅಜ್ಜ ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ನೋಡಿದ.

“ಬಸ್ಸಲ್ಲಿ ಇದೇ ಡಿಫರೆನ್ಷಿಯಲ್‌ನ ನಾವು ನಾಲ್ಕು ಜನ ಸೇರಿ ಎತ್ತಿದ್ವಿ. ಒಬ್ಬನ ಸೊಂಟ ಹಿಡ್ಕೊಂಡಿದ್ದು ಇವತ್ತಿಗೂ ಬಿಟ್ಟಿಲ್ಲ.”

ಆಮೇಲೆ ಟ್ಯೂನಿಂಗ್ ಶುರುವಾಯಿತು. ಕಿಟ್‌ನಲ್ಲಿ ಮೂರು ಸಣ್ಣ ಬಾಟಲಿ ಎಣ್ಣೆ ಇತ್ತು. ಕಾರಿನ ಶಾಕ್ ಅಬ್ಸಾರ್ಬರ್‌ಗೆ ತೆಳು ಎಣ್ಣೆ ಹಾಕಿದರೆ ಕಾರು ಕುಣಿಯುತ್ತದೆ, ಗಟ್ಟಿ ಎಣ್ಣೆ ಹಾಕಿದರೆ ಗಂಭೀರವಾಗಿ ಹೋಗುತ್ತದೆ. ಬೇರೆ ಮಕ್ಕಳ ಮನೆಯಲ್ಲಿ ಕಾರು ಎಷ್ಟು ಜೋರಾಗಿ ಹೋಗುತ್ತದೆ ಎಂದು ನೋಡುತ್ತಿದ್ದರು. ಇಲ್ಲಿ ಚೆಸ್ಸಿನ ರಾಜ ಮತ್ತು ರಾಣಿಯನ್ನು ಸೀಟಿನಲ್ಲಿ ಕೂರಿಸಿ, ಕಾಲಾಳುಗಳನ್ನು ಸುತ್ತ ನಿಲ್ಲಿಸಿ, ಯಾರೂ ಬೀಳದಂತೆ ಅಡುಗೆಮನೆವರೆಗೆ ಹೋಗಿ ಬರಬೇಕಿತ್ತು. ಯಾರಾದರೂ ಬಿದ್ದರೆ ಅಜ್ಜಿ ಕೂಗುವಳು, ಅಜ್ಜ ಶಾಕ್ ಬಿಚ್ಚುವನು, ಎಣ್ಣೆ ಬದಲಾಗುವುದು. ಅಮ್ಮ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತು, “ಈ ಮನೆಯಲ್ಲಿ ಒಬ್ಬರಿಗಾದ್ರೂ ತಲೆ ನೆಟ್ಟಗಿದೆಯಾ?” ಎಂದು ಕೇಳಿದಳು.

“ಬಾಗಿಲಲ್ಲಿ ನಿಲ್ಬೇಡ,” ಅಂದಳು ಅಜ್ಜಿ.

ಕೊನೆಗೆ ಒಂದು ಸಂಜೆ ಎಲ್ಲ ಕಾಲಾಳುಗಳೂ ನಿಂತೇ ಹೋಗಿ ನಿಂತೇ ಬಂದರು. ಅಜ್ಜ ಚಪ್ಪಾಳೆ ತಟ್ಟಿದ. ಚೂಟಿ ಖುಷಿಯಿಂದ ರಿಮೋಟನ್ನು ಅವನತ್ತ ಚಾಚಿದಳು.

“ಅಜ್ಜ, ಒಂದು ಸಲ ನೀನೂ ಓಡ್ಸು.”

ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ನನಗೆ ಬೇಡಮ್ಮ. ಓಡಿಸಿ ಓಡಿಸಿ ಸಾಕಾಗಿ ಹೋಗಿದೆ.”

ಕಣ್ಣು ಮಂಜಾಗಿದೆ, ಇನ್ನು ಸ್ಟೀರಿಂಗ್ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಅವನ ಮಾತು ಅದೇ. ಚೂಟಿಯೂ ಅದನ್ನು ನಂಬಿದ್ದಳು.

ಕಾರು ಸರಿಯಾಯಿತು. ಆದರೆ ಅದನ್ನು ಓಡಿಸುವವಳು ಸರಿಯಾಗಲಿಲ್ಲ.

ತೊಂದರೆ ಇಷ್ಟೇ. ಕಾರು ದೂರ ಹೋಗುವಾಗ ಚೂಟಿ ಎಡಕ್ಕೆ ತಿರುಗಿಸಿದರೆ ಕಾರೂ ಎಡಕ್ಕೆ ಹೋಗುತ್ತಿತ್ತು. ಅದೇ ಕಾರು ತಿರುಗಿ ಅವಳ ಎದುರಿಗೆ ಬಂತೋ, ಎಲ್ಲ ತಲೆಕೆಳಗು. ಅವಳ ಎಡ ಕಾರಿಗೆ ಎಡವೇ, ಆದರೆ ಎದುರಿಗೆ ನಿಂತವಳಿಗೆ ಅದು ಬಲ. ಇದನ್ನು ಅವಳು ಯೋಚಿಸಿ ಮುಗಿಸುವುದರೊಳಗೆ ಕಾರು ಫ್ರಿಜ್‌ಗೆ ಗುದ್ದಿರುತ್ತಿತ್ತು. ಕೈಮೇಲೆ ಎಡ, ಬಲ ಎಂದು ಪೆನ್ನಿನಲ್ಲಿ ಬರೆದುಕೊಂಡಳು. ಕೈ ನೋಡುವಷ್ಟರಲ್ಲಿ ಮತ್ತೆ ಫ್ರಿಜ್.

“ಎದುರಿಗೆ ಬಂದಾಗ ಎಡ ಬಲ ಬದಲಾಗಿಬಿಡುತ್ತೆ ಅಜ್ಜ,” ಎಂದು ಅವಳು ಅಳುಮೋರೆ ಮಾಡಿದಳು.

“ಎಡ ಬಲ ಯಾಕೆ ಬದಲಾಗುತ್ತೆ? ನೀನು ಉಲ್ಟಾ ನಿಂತಿದೀಯ. ಡ್ರೈವರ್ ಆದವರು ಯಾವತ್ತೂ ಗಾಡಿ ಹೋಗೋ ಕಡೆ ಮುಖ ಮಾಡಬೇಕು.”

“ಹಾಗೆ ತಿರುಗಿ ನಿಂತ್ರೆ ಕಾರು ನನ್ನ ಬೆನ್ನ ಹಿಂದೆ ಇರುತ್ತೆ. ಕಾಣೋದು ಹೇಗೆ?”

“ಮತ್ತೆ ಕನ್ನಡಿ ಯಾಕೆ ಇರೋದು?” ಎಂದ ಅಜ್ಜ.

ಕೈ ತೊಳೆಯುವ ಬೇಸಿನ್ ಮೇಲೆ ಒಂದು ಉದ್ದನೆಯ ಕನ್ನಡಿ ಇತ್ತು. ಅವರ ಹಳೇ ಬಸ್ಸು ಗುಜರಿಗೆ ಹೋದಾಗ ಡ್ರೈವರ್ ಸೀಟಿನ ಮೇಲಿದ್ದ ಆ ಕನ್ನಡಿಯನ್ನು ಅಜ್ಜ ಕೇಳಿ ತಂದಿದ್ದ. ಸ್ವಲ್ಪ ಉಬ್ಬಿದ ಗಾಜು. ಇಡೀ ಬಸ್ಸನ್ನು ತೋರಿಸುತ್ತಿದ್ದ ಅದು ಈಗ ಹಲ್ಲುಜ್ಜುವವರ ಮೂಗನ್ನು ದೊಡ್ಡದು ಮಾಡಿ ತೋರಿಸುತ್ತಿತ್ತು.

“ಇಷ್ಟು ವರ್ಷ ಇವರು ನನ್ನ ಮುಖ ನೋಡಿದ್ದೇ ಇದರಲ್ಲಿ,” ಎಂದಳು ಅಜ್ಜಿ, ಅದನ್ನು ಗೋಡೆಯಿಂದ ಇಳಿಸುತ್ತ. “ಎದುರಿಗೆ ಬಂದ್ರೆ ಈಗಲೂ ಗುರುತು ಹಿಡಿಯಲ್ಲ.”

ಅಜ್ಜಿ ಕನ್ನಡಿ ಹಿಡಿದು ಚೂಟಿಯ ಹಿಂದೆ ನಿಂತಳು. ಕಾರು ದೂರ ಹೋಗುವವರೆಗೆ ಚೂಟಿ ಅದನ್ನೇ ನೋಡಿದಳು. ಕಾರು ಈ ಕಡೆ ತಿರುಗಿದ ಕೂಡಲೇ ತಾನೂ ಗಿರಕ್ಕನೆ ತಿರುಗಿ, ಅದಕ್ಕೆ ಬೆನ್ನು ಹಾಕಿ, ಕನ್ನಡಿ ನೋಡಿದಳು. ಕಾರು ಕನ್ನಡಿಯೊಳಗೆ ಹಿಂದಿನಿಂದ ಬರುತ್ತಿತ್ತು. ಎಡಕ್ಕೆ ತಿರುಗಿಸಿದಳು. ಎಡಕ್ಕೇ ಹೋಯಿತು. ಬಲ ಅಂದರೆ ಬಲ. ಅಂದು ಫ್ರಿಜ್‌ಗೆ ಒಂದು ಪೆಟ್ಟೂ ಬೀಳಲಿಲ್ಲ.

ಆದರೆ ಅದನ್ನು ಬುಲೆಟ್ ನೋಡಿಬಿಟ್ಟ. ಬುಗುರಿಯಂತೆ ಗಿರಗಿರ ತಿರುಗುವ ಚೂಟಿಯನ್ನೂ, ಸೊಂಟದಷ್ಟು ಅಗಲದ ಕನ್ನಡಿ ಹಿಡಿದ ಅಜ್ಜಿಯನ್ನೂ ನೋಡಿ ಅವನಿಗೆ ಬಿಕ್ಕಳಿಕೆ ಬರುವಷ್ಟು ನಗು. ಮಾರನೇ ದಿನ ಶಾಲೆಯಲ್ಲಿ ಅರ್ಧ ಕ್ಲಾಸು ಟಿಫನ್ ಬಾಕ್ಸಿನ ಮುಚ್ಚಳವನ್ನು ಮುಖದ ಮುಂದೆ ಹಿಡಿದುಕೊಂಡು ಹಿಮ್ಮುಖವಾಗಿ ನಡೆಯುತ್ತಿತ್ತು. ಒಬ್ಬ ಹಾಗೇ ನಡೆದು ಹೆಡ್‌ಮಾಸ್ಟರರ ಮೇಲೆ ಬಿದ್ದ.

ಮನೆಗೆ ಬಂದವಳೇ ಚೂಟಿ ಚೀಲ ಎಸೆದಳು.

“ಭಾನುವಾರ ಕನ್ನಡಿ ತರೋ ಹಾಗಿಲ್ಲ. ಎಲ್ಲರೂ ನಗ್ತಾರೆ. ನಾನು ಎಲ್ಲರ ಥರಾನೇ ನಿಂತು ಓಡಿಸ್ತೀನಿ.”

ಅಜ್ಜ ಕನ್ನಡಿಯನ್ನು ಮತ್ತೆ ಬೇಸಿನ್ ಮೇಲೆ ತೂಗುಹಾಕಿದ. “ಆಯ್ತಮ್ಮ. ನಿನ್ನ ಗಾಡಿ, ನಿನ್ನ ರೂಟು,” ಎಂದ.

ಭಾನುವಾರ ಹಾಲಿನ ತುಂಬ ಜನ. ಅಡ್ಡ ಮಲಗಿಸಿದ ಬೆಂಚುಗಳೇ ಗೋಡೆ, ನಡುವೆ ಉದ್ದನೆಯ ರಸ್ತೆ. ಈ ತುದಿಯಲ್ಲಿ ಒಂದು ವೇದಿಕೆ. ಅದರ ಮೇಲೆ ಐದು ಮಕ್ಕಳು ರಿಮೋಟ್ ಹಿಡಿದು ಸಾಲಾಗಿ ನಿಂತಿದ್ದರು. ಮಗುಚಿದ ಕಾರನ್ನು ಎತ್ತಿ ನೆಟ್ಟಗಿಡಲು ಆ ತುದಿಯ ತಿರುವಿನಲ್ಲಿ ಒಬ್ಬ ದೊಡ್ಡವರು ಬೇಕು ಎಂದು ಮಿಸ್ ಹೇಳುವಷ್ಟರಲ್ಲಿ ಅಜ್ಜ ಅಲ್ಲಿ ಹೋಗಿ ನಿಂತಾಗಿತ್ತು. ಅಜ್ಜಿ ವೇದಿಕೆಯ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. ಅವಳ ಮಡಿಲಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ವಸ್ತು ಇತ್ತು.

“ಅಜ್ಜೀ! ತರಬೇಡ ಅಂದಿದ್ನಲ್ಲ!”

“ನಿನಗೆ ಅಂತ ಯಾರು ತಂದ್ರು? ನನಗೆ ತಲೆ ಬಾಚ್ಕೊಳೋಕೆ ಬೇಕು.”

ಅಜ್ಜಿಯ ಪಕ್ಕದಲ್ಲೇ ಬುಲೆಟ್, ಜಿಪ್ ಚೀಲದ ಜೊತೆ.

ಮಿಸ್ ವಿಸಿಲ್ ಊದಿದರು. ನಾಲ್ಕು ಕಾರುಗಳು ಬಾಣದಂತೆ ಹಾರಿದವು. ಚೂಟಿಯ ಕಾರು, ಮುದುಕರು ಹತ್ತಿದ್ದಾರೇನೋ ಎಂಬಂತೆ, ಮೆಲ್ಲನೆ ಹೊರಟಿತು. ಹೋಗುವಾಗ ಸರಿಯಾಗಿಯೇ ಹೋಯಿತು. ಆ ತುದಿಯ ತಿರುವಿನಲ್ಲಿ ಹಳದಿ ಕಾರೊಂದು ಮಗುಚಿ ಬಿತ್ತು. ಅಜ್ಜ ಅದನ್ನು ಎತ್ತಿ ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಒತ್ತಿ ನೋಡತೊಡಗಿದ.

“ಅಜ್ಜಾ, ಬೇಗ ಬಿಡೀ!” ಎಂದು ಹಳದಿ ಕಾರಿನ ಹುಡುಗಿ ಕಿರುಚಿದಳು.

“ಇರಮ್ಮ, ಗಾಳಿ ನೋಡ್ತಿದೀನಿ.”

“ಅದರೊಳಗೆ ಇರೋದು ಸ್ಪಂಜು!”

“ಸ್ಪಂಜಾದ್ರೂ ನೋಡಬೇಕಮ್ಮ.”

ಅಷ್ಟರಲ್ಲಿ ಚೂಟಿಯ ಕಾರು ತಿರುಗಿ ಎದುರಿಗೆ ಬಂತು. ಎಡ, ಎಡ, ಅಲ್ಲ ಬಲ ಎನ್ನುವಷ್ಟರಲ್ಲಿ ಢಣ್! ಗೋಡೆ. ಯಾರೋ ಕಿಸಕ್ಕೆಂದರು. ಅಜ್ಜ ನಡೆದು ಬಂದು ಕಾರನ್ನು ರಸ್ತೆಗೆ ಇಟ್ಟ. ಎರಡನೇ ಸುತ್ತಿನಲ್ಲಿ ಅವಳು ಇನ್ನೂ ನಿಧಾನ ಮಾಡಿದಳು. ನಿಧಾನವಾಗಿಯೇ ಹೋಗಿ ಢಣ್. ಅಜ್ಜ ಮತ್ತೆ ಬಂದ. ಕಾರಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ ಇಟ್ಟ.

ಹಿಂದಿನಿಂದ ಸರ್‌ರ್‌ರ್ ಎಂದು ಸದ್ದಾಯಿತು. ಬುಲೆಟ್ ಚೀಲದ ಜಿಪ್ ತೆಗೆಯುತ್ತಿದ್ದ.

ಚೂಟಿಯ ಕಿವಿ ಬಿಸಿಯಾಯಿತು. ಇನ್ನೊಂದು ಗೋಡೆ ತಾಗಿದರೆ ಕಾರು ಆ ಟವೆಲಿಗೆ. ಮುಂದೆ ಹಾಲಿನ ತುಂಬ ನಗಲು ಕಾದ ಮುಖಗಳು. ಕಾರು ಆ ತುದಿಯನ್ನು ಮುಟ್ಟಿತು, ತಿರುಗಿತು.

“ಅಜ್ಜೀ, ಕನ್ನಡಿ!” ಎಂದು ಕೂಗಿ ಚೂಟಿ ಗಿರಕ್ಕನೆ ಎಲ್ಲರಿಗೂ ಬೆನ್ನು ಹಾಕಿದಳು.

ಬೆಡ್‌ಶೀಟು ಹಾರಿತು. ಹಾಲಿಗೆ ಹಾಲೇ ನಕ್ಕಿತು. ಅಜ್ಜಿ ಕನ್ನಡಿ ಎತ್ತಿ ಹಿಡಿದಳು, ಆದರೆ ಅಷ್ಟೆತ್ತರಕ್ಕೆ ಅದು ಒಬ್ಬಳಿಗೆ ಭಾರ. ಕನ್ನಡಿಯೊಳಗಿನ ಕಾರು ಗಡಗಡ ಅಲುಗುತ್ತಿತ್ತು.

“ಏಯ್, ಸುಮ್ನೆ ನಿಂತಿದೀಯಲ್ಲ! ಆ ಕಡೆ ಹಿಡ್ಕೋ!” ಎಂದು ಅಜ್ಜಿ ಕಂಡಕ್ಟರ್ ದನಿಯಲ್ಲಿ ಗದರಿದಳು. ಆ ದನಿಗೆ ಎದುರಾಡಿದ ಪ್ಯಾಸೆಂಜರ್ ಇದುವರೆಗೆ ಹುಟ್ಟಿರಲಿಲ್ಲ. ಬುಲೆಟ್ ಚೀಲ ಕೆಳಗಿಟ್ಟು ಕನ್ನಡಿಯ ಇನ್ನೊಂದು ತುದಿ ಹಿಡಿದ. ಕನ್ನಡಿ ಕಲ್ಲಿನಂತೆ ನಿಂತಿತು. ನಿಧಾನದವರ ಕೈ ಅಲುಗುವುದಿಲ್ಲ.

ಕಾರು ಬಂತು. ಎಡ ಎಡವೇ ಆಯಿತು, ಬಲ ಬಲವೇ. ಗೋಡೆ ಪಕ್ಕದಲ್ಲೇ ಉಳಿಯಿತು. ಈ ತುದಿಯಲ್ಲಿ ಕಾರು ತಿರುಗಿದಾಗ ಚೂಟಿಯೂ ಅದರ ಜೊತೆ ತಿರುಗಿದಳು. ಜನ ಮತ್ತೆ ನಕ್ಕರು. ಮುಂದಿನ ಸಲ ಅವಳು ಬೆನ್ನು ಹಾಕಿದಾಗ ನಗು ಕೇಳಿಸಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಅವಳು ಕನ್ನಡಿಯಲ್ಲಿ ಇನ್ನೊಂದನ್ನು ನೋಡಿದ್ದಳು.

ಉಬ್ಬುಗಾಜಿನಲ್ಲಿ ಇಡೀ ಹಾಲು ಕಾಣುತ್ತಿತ್ತು. ಕಾರಿನ ಹಿಂದೆ, ದೂರದ ತಿರುವಿನಲ್ಲಿ, ಅಜ್ಜ. ಅವನು ನಗುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಅವನ ಎರಡೂ ಕೈಗಳು ಎದೆಯ ಮುಂದೆ ಗಾಳಿಯಲ್ಲಿ ಅಗಲವಾಗಿ, ದೊಡ್ಡದೇನನ್ನೋ ಹಿಡಿದುಕೊಂಡಿದ್ದವು. ಕಾರು ಸ್ವಲ್ಪ ಎಡಕ್ಕೆ ಸರಿದಾಗ ಆ ಕೈಗಳೂ ಸ್ವಲ್ಪ ತಿರುಗಿದವು. ತಿರುವು ಹತ್ತಿರವಾದಾಗ ಅವನ ಬಲಗಾಲು ಬ್ರೇಕ್ ಒತ್ತುವಂತೆ ನೆಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿತು. ನಿಂತವರು ಬೀಳದ ಹಾಗೆ.

ಅಯ್ಯೋ, ಎಂದುಕೊಂಡಳು ಚೂಟಿ. ಅಜ್ಜನಿಗೆ ಸಾಕಾಗಿಲ್ಲ.

ಅವಳು ಟ್ರಿಗರನ್ನು ಸಡಿಲ ಬಿಟ್ಟಳು. ಅಜ್ಜನ ಕಾಲು ಒತ್ತಿದಷ್ಟೇ ಕಾರು ನಿಧಾನವಾಯಿತು, ಕಾಲು ಎದ್ದಾಗ ಓಡಿತು. ಕಾರು ಮರಳಿ ಬರುವಾಗಲೆಲ್ಲ ಅವಳು ಕಾರಿಗಿಂತ ಹೆಚ್ಚಾಗಿ ಆ ಕಾಲನ್ನೇ ನೋಡಿದಳು. ಉಳಿದ ಮಕ್ಕಳು ಯಾವಾಗಲೋ ಮುಗಿಸಿದ್ದರು, ಅವರ ಅಪ್ಪ ಅಮ್ಮಂದಿರು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾಲ್ಕನೇ ಸುತ್ತಿನ ಹೊತ್ತಿಗೆ ಬುಲೆಟ್‌ಗೆ ಒಂದು ವಿಷಯ ಹೊಳೆಯಿತು.

“ಅಜ್ಜಿ, ನಾನು ಇದನ್ನ ಹಿಡ್ಕೊಂಡ್ರೆ ಕಾರು ಅವಳಿಗೇ ಹೋಗುತ್ತಲ್ಲ?”

“ಹೌದು.”

ಬುಲೆಟ್ ಯೋಚಿಸಿದ. ಅವನ ಯೋಚನೆ ಮುಗಿಯುವುದರೊಳಗೆ ಐದನೇ ಸುತ್ತು ಮುಗಿಯಿತು.

“ಪಾಸ್! ಕೊನೇದಾದ್ರೂ ಪಾಸ್! ಕಾರು ನಿನ್ನದೇ ಚೂಟಿ, ನಿಲ್ಸಮ್ಮ,” ಎಂದು ಮಿಸ್ ಕೂಗಿದರು.

ಕಾರು ತನ್ನದೇ! ಚೂಟಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಕುಣಿಯಲು ರಿಮೋಟ್ ಕೆಳಗಿಡಬೇಕಿತ್ತು. ಅವಳು ಆ ತುದಿಯತ್ತ ನೋಡಿದಳು. ಅಜ್ಜನಿಗೆ ಮಿಸ್ ಕೂಗಿದ್ದು ಕೇಳಿಸಿರಲಿಲ್ಲ. ಮಂಜು ಕಣ್ಣುಗಳನ್ನು ಕಿರಿದು ಮಾಡಿ, ಸ್ಟೀರಿಂಗ್ ಹಿಡಿದು, ಅವನು ರಸ್ತೆಯನ್ನೇ ನೋಡುತ್ತ ಕಾಯುತ್ತಿದ್ದ.

“ಇನ್ನೊಂದು ಟ್ರಿಪ್ ಇದೆ ಮಿಸ್,” ಎಂದಳು ಚೂಟಿ.

“ಯಾವ ಟ್ರಿಪ್?”

ಚೂಟಿ ಟ್ರಿಗರ್ ಮೇಲೆ ಬೆರಳಿಟ್ಟಳು. ಹಿಂದೆ ಅಜ್ಜಿ ಕನ್ನಡಿಯನ್ನು ಮತ್ತೆ ಎತ್ತಿ ಹಿಡಿದಳು.

“ರೈಟ್, ಹೋಗ್ಲಿ!” ಎಂದಳು.

ಕಾರು ಹೊರಟಿತು. ಅಜ್ಜನ ಬಲಗಾಲು ಎಷ್ಟು ಒತ್ತಿತೋ ಚೂಟಿ ಟ್ರಿಗರನ್ನು ಅಷ್ಟೇ ಸಡಿಲಿಸಿದಳು.